ನಾರು ಬೆರೆತ ಮಣ್ಣು ಮಳೆಗಾಲ ದಾಟಬೇಕು

ಮಳೆಗಾಲ ಮುಗಿದು ದಸರೆ ಹತ್ತಿರವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಸೇತುವೆ ಗಟ್ಟಿಯಾಗಿ ನಿಂತಿದೆ, ಅದಕ್ಕೆ ಹತ್ತುವ ಮಣ್ಣಿನ ಏರಿ ಮಾತ್ರ ಪ್ರತಿ ವರ್ಷ ಕುಸಿಯುತ್ತದೆ, ಯಾಕೆ? ಈಚೆಗೆ ಅದರ ಜೊತೆಗೆ ಇನ್ನೊಂದೂ ಬರುತ್ತಿದೆ. ಮಣ್ಣಿಗೆ ತೆಂಗಿನ ನಾರೋ ಪ್ಲಾಸ್ಟಿಕ್ ನಾರೋ ಬೆರೆಸಿ ಏರಿ ಕಟ್ಟಿದರೆ ಕುಸಿಯುವುದಿಲ್ಲವಂತೆ, ನಮ್ಮ ಬೆಳಗಾವಿ ಕಡೆ ಅದನ್ನೇಕೆ ಮಾಡುತ್ತಿಲ್ಲ? ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟ್ ವರದಿಯಲ್ಲಿ ಓದಿದೆವು ಎಂದು ಕೆಲವರು, ಮೊಬೈಲಿನಲ್ಲಿ ನೋಡಿದೆವು ಎಂದು ಕೆಲವರು ಬರೆಯುತ್ತಾರೆ. ಮಣ್ಣಿನ ಪರೀಕ್ಷೆಯಲ್ಲೇ ಬಹುಪಾಲು ನೌಕರಿ ಕಳೆದವನಾದ್ದರಿಂದ ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾರು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರಯೋಗಾಲಯದ ಅಚ್ಚಿನಲ್ಲಿ ಗೆದ್ದ ನಾರು ನಮ್ಮ ರಸ್ತೆಯಲ್ಲೂ ಗೆಲ್ಲುತ್ತದೆಯೇ ಎಂಬುದು ನಮ್ಮ ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ ಏರಿಯ ಒಂದು ತುಂಡು ಕಟ್ಟಿ ನೋಡದ ಹೊರತು ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಕಟ್ಟಿ ನೋಡಲು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಕಾರಣ ಆ ರಸ್ತೆಯ ಅಕ್ಕಪಕ್ಕದ ಮಣ್ಣಿನಲ್ಲೇ ಇದೆ. ಬೆಳಗಾವಿ ನಗರದ ಪೂರ್ವಕ್ಕೆ, ದಕ್ಷಿಣಕ್ಕೆ ಶಹಾಪುರ, ವಡಗಾಂವ, ಯಳ್ಳೂರು, ಹಲಗಾ ಕಡೆಗೆ ಹೋದರೆ ಎರೆಮಣ್ಣು. ಬಳ್ಳಾರಿ ನಾಲೆ ಉಕ್ಕಿದಾಗ ನೀರು ನಿಲ್ಲುವ ಭತ್ತದ ಗದ್ದೆಗಳು ಅವು. ಮೇ ತಿಂಗಳಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರುಕು ಬಿಡುವ ಆ ನೆಲ, ಜುಲೈಯಲ್ಲಿ ಉಬ್ಬಿ ಬಿರುಕನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಖಾನಾಪುರದ ದಾರಿ ಹಿಡಿದರೆ, ಹಿಂದೆ 4ಎ ಎನ್ನುತ್ತಿದ್ದ, ಈಗ 748 ಎಂಬ ಸಂಖ್ಯೆಯ ಗೋವಾ ಹೆದ್ದಾರಿಯಲ್ಲಿ, ಇಪ್ಪತ್ತೈದು ಕಿಲೋಮೀಟರ್ ದಾಟುವಷ್ಟರಲ್ಲಿ ಮಣ್ಣಿನ ಬಣ್ಣವೇ ಬೇರೆ. ಜಂಬಿಟ್ಟಿಗೆ ಕಲ್ಲು, ಕೆಮ್ಮಣ್ಣು, ಗರಸು. ಖಾನಾಪುರದ ಹಂಚಿಗೂ ಇಟ್ಟಿಗೆಗೂ ಹೆಸರು ಬಂದಿದ್ದು, ಖಾದಿ ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕೆ ಸಂಸ್ಥೆ ಅಲ್ಲಿ ನೆಲೆಸಿದ್ದು ಆ ಮಣ್ಣಿನಿಂದಲೇ. ಇನ್ನೂ ಪಶ್ಚಿಮಕ್ಕೆ ಹೋದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಅಲ್ಲಿ ಒಂದು ಮಳೆಗಾಲಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುತ್ತದೆ. ಅದೇ ಹೊಳೆ ಹರಿದು ಹೋಗುವ ಸವದತ್ತಿ, ರಾಮದುರ್ಗದ ಕಡೆ ಅದರ ಒಂದು ಸಣ್ಣ ಪಾಲಷ್ಟೇ ಬೀಳುತ್ತದೆ. ಎರಡು ವಿರುದ್ಧ ಸ್ವಭಾವದ ಮಣ್ಣು, ಪಶ್ಚಿಮದಿಂದ ಪೂರ್ವಕ್ಕೆ ಕಡಿಮೆಯಾಗುತ್ತ ಹೋಗುವ ಮಳೆ, ನಡುವೆ ಒಂದು ಗಂಟೆಯ ಪ್ರಯಾಣವೂ ಇಲ್ಲ.

ಈ ಎರಡು ಮಣ್ಣಿನ ಏರಿಗಳು ಹಾಳಾಗುವ ರೀತಿಯೂ ಬೇರೆ ಬೇರೆ. ಕೆಮ್ಮಣ್ಣಿನ ಏರಿ ಸಾಮಾನ್ಯವಾಗಿ ಒಳಗಿನಿಂದ ಕುಸಿಯುವುದಿಲ್ಲ, ಹೊರಗಿನಿಂದ ಕೊರೆದುಹೋಗುತ್ತದೆ. ರಸ್ತೆಯ ಮೇಲೆ ಬಿದ್ದ ನೀರು ಅಂಚಿನಲ್ಲಿ ಒಂದು ಕಡೆ ದಾರಿ ಮಾಡಿಕೊಂಡು ಇಳಿಯುತ್ತದೆ, ಮೊದಲ ವರ್ಷ ಬೆರಳಗಲದ ಕೊರಕಲು, ಮೂರನೆಯ ವರ್ಷ ಅದರಲ್ಲಿ ಆಳು ನಿಲ್ಲಬಹುದು. ಎರೆಮಣ್ಣಿನ ಏರಿಯ ಕಥೆ ಮೋಸದ್ದು. ಕಟ್ಟಿದ ವರ್ಷ ಏನೂ ಆಗುವುದಿಲ್ಲ, ಮರುವರ್ಷವೂ ಆಗುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಇಳಿಜಾರಿನ ಮೇಲ್ಮೈ ಒಣಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಆ ಬಿರುಕಿನಲ್ಲೇ ನೀರು ಇಳಿದು ಒಳಗಿನ ಮಣ್ಣು ಉಬ್ಬಿ ಮೆತ್ತಗಾಗುತ್ತದೆ. ಹೀಗೆ ಒಣಗಿ ನೆನೆದು, ಒಣಗಿ ನೆನೆದು, ಮೇಲಿನ ಒಂದು ಒಂದೂವರೆ ಮೀಟರ್ ಮಣ್ಣು ತನ್ನ ಬಿಗುವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಒಂದು ದೊಡ್ಡ ಮಳೆ ಸಾಕು, ಇಳಿಜಾರಿನ ಸಿಪ್ಪೆ ಜಾರಿ ಕೆಳಗೆ ಬಂದು ಗುಡ್ಡೆ ಬೀಳುತ್ತದೆ. ಗುತ್ತಿಗೆದಾರರ ಹೊಣೆಗಾರಿಕೆಯ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ.

ಇದೇ ಕಾರಣಕ್ಕೆ ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮಪುಸ್ತಕ ಎರೆಮಣ್ಣಿನ ಬಗ್ಗೆ ಬಿಗಿಯಾಗಿದೆ. ನೀರಿನಲ್ಲಿ ಉಬ್ಬುವ ಪ್ರಮಾಣ ಶೇ 50 ದಾಟಿದರೆ ಆ ಮಣ್ಣನ್ನು ಏರಿಗೆ ಹಾಕುವಂತಿಲ್ಲ. ಅದಕ್ಕಿಂತ ಕಡಿಮೆ ಉಬ್ಬುವ ಎರೆಮಣ್ಣನ್ನು ಹಾಕಿದರೂ ರಸ್ತೆಯ ತಳಪದರ, ಅದರ ಕೆಳಗಿನ ಅರ್ಧ ಮೀಟರ್ ಉಬ್ಬದ ಮಣ್ಣಿನದೇ ಆಗಬೇಕು. ಕಾಗದದ ಮೇಲೆ ಸರಿ. ಆದರೆ ಎರೆಭೂಮಿಯ ನಡುವೆ ರಸ್ತೆ ಹೋಗುವಾಗ ಪ್ರತಿ ಲಾರಿ ಗರಸನ್ನೂ ದೂರದ ಗುಡ್ಡ ಅಗೆದೇ ತರಬೇಕು. ಕಿತ್ತೂರಿನ ಮೇಲೆ ಹಾದುಹೋಗಬೇಕಾದ ಸುಮಾರು 73 ಕಿಲೋಮೀಟರಿನ ಧಾರವಾಡ–ಬೆಳಗಾವಿ ಹೊಸ ರೈಲುದಾರಿಯನ್ನೇ ನೆನೆಸಿಕೊಳ್ಳಿ, ರೈತರ ವಿರೋಧ ಕಂಡ ಹಲಗಾ–ಮಚ್ಛೆ ಬೈಪಾಸನ್ನು ನೆನೆಸಿಕೊಳ್ಳಿ. ಇಂಥ ಕೆಲಸಗಳಿಗೆ ಬೇಕಾಗುವ ಮಣ್ಣಿಗಾಗಿ ಎಷ್ಟು ಗುಡ್ಡ ಕರಗಬೇಕು? ಸ್ಥಳದ ಮಣ್ಣನ್ನೇ ಸ್ವಲ್ಪ ಸುಧಾರಿಸಿ ಬಳಸಲು ಸಾಧ್ಯವಾದರೆ ಗುಡ್ಡವೂ ಉಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ನಾರಿನ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಇಲ್ಲಿಂದ.

ನಾರು ಮಾಡುವ ಕೆಲಸ ಇಷ್ಟೆ. ಮಣ್ಣು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಇಳಿಜಾರು ಜಾರತೊಡಗಿದಾಗ ಒಳಗೊಂದು ಸೀಳು ಹುಟ್ಟುತ್ತದೆ. ಆ ಸೀಳನ್ನು ಅಡ್ಡಹಾಯ್ದ ನಾರುಗಳಿದ್ದರೆ ಎರಡೂ ಬದಿಯ ಮಣ್ಣು ಅವುಗಳನ್ನು ಹಿಡಿದು ಎಳೆಯುತ್ತದೆ, ನಾರು ಮಣ್ಣಿನ ಘರ್ಷಣೆಯಿಂದ ಕಚ್ಚಿಕೊಂಡು ಸೀಳು ಬೆಳೆಯದಂತೆ ತಡೆಯುತ್ತದೆ. ಜೋಳದ ಹಿಟ್ಟನ್ನು ತಟ್ಟುವಾಗ ಅಂಚು ಬಿರಿಯುವುದನ್ನೂ ಗೋಧಿ ಹಿಟ್ಟು ಎಳೆದರೂ ಹರಿಯದೆ ಬರುವುದನ್ನೂ ನಮ್ಮ ಅಡುಗೆಮನೆಯಲ್ಲಿ ದಿನವೂ ನೋಡುತ್ತೇವೆ; ನಾರು ಸೇರಿದ ಮಣ್ಣು ಜೋಳದ ಗುಣದಿಂದ ಗೋಧಿಯ ಗುಣದ ಕಡೆಗೆ ಒಂದಿಷ್ಟು ಸರಿಯುತ್ತದೆ. ಬಲ ಎಷ್ಟು ಹೆಚ್ಚಿತು ಎಂಬುದಕ್ಕಿಂತ, ಬಲದ ತುದಿ ಮುಟ್ಟಿದ ಮೇಲೂ ಮಣ್ಣು ಥಟ್ಟನೆ ಕೈಬಿಡುವುದಿಲ್ಲ ಎಂಬುದು ನನ್ನ ಲೆಕ್ಕದಲ್ಲಿ ದೊಡ್ಡ ಲಾಭ. ಪ್ಲಾಸ್ಟಿಕ್ ಜಾಲರಿ ಹಾಸಿ ಏರಿ ಕಟ್ಟುವ ವಿಧಾನ ಬೇರೆ. ಅಲ್ಲಿ ಬಲ ಹಾಸಿದ ಪದರದಲ್ಲಿ ಮಾತ್ರ ಇರುತ್ತದೆ. ನಾರು ಎಲ್ಲ ದಿಕ್ಕಿಗೂ ಚದುರಿರುತ್ತದೆ. ಇಳಿಜಾರಿನ ಮೇಲ್ಭಾಗದ ಆಳವಿಲ್ಲದ ಜಾರಿಕೆಗೆ ಅದು ಚೆನ್ನಾಗಿ ಹೊಂದುತ್ತದೆ.

ಹೊಸ ವಿದ್ಯೆಯೇನೂ ಅಲ್ಲ ಇದು. ಬಾಗ್ದಾದಿನ ಹತ್ತಿರ ಅಕರ್ ಕೂಫ್ ಎಂಬಲ್ಲಿ ಸುಮಾರು 3,400 ವರ್ಷ ಹಿಂದಿನ ಮಣ್ಣಿಟ್ಟಿಗೆಯ ಗೋಪುರವೊಂದು ಇಂದಿಗೂ ನಿಂತಿದೆ, ಅದರ ಪದರಗಳ ನಡುವೆ ಜೊಂಡಿನ ಚಾಪೆಗಳಿವೆ. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಮಣ್ಣು ಕಲಸುವಾಗ ಹೊಟ್ಟು, ಹುಲ್ಲು ಹಾಕಿ ತುಳಿದು ಕೊಳೆಯಲು ಬಿಡುತ್ತಿದ್ದರು. 1960ರ ದಶಕದಲ್ಲಿ ಫ್ರಾನ್ಸಿನ ಎಂಜಿನಿಯರ್ ಆನ್ರಿ ವಿದಾಲ್ ಲೋಹದ ಪಟ್ಟಿ ಹಾಕಿ ಮಣ್ಣನ್ನು ಬಿಗಿಯುವ ವಿಧಾನಕ್ಕೆ ಆಧುನಿಕ ರೂಪ ಕೊಟ್ಟ. ಸೇತುವೆಗಳ ಪಕ್ಕದಲ್ಲಿ ನಾವು ಈಗ ಕಾಣುವ ಕಾಂಕ್ರೀಟ್ ಹಲಗೆಗಳ ಗೋಡೆ ಅದರ ಸಂತಾನ. ನಾರಿನ ವಿಷಯಕ್ಕೆ ಬಂದರೆ, 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸರ್ಕಾರಿ ರಸ್ತೆ–ಸೇತುವೆ ಪ್ರಯೋಗಾಲಯ ಮರಳಿನೊಳಗೆ ಪಾಲಿಯೆಸ್ಟರ್ ನೂಲನ್ನು ಚಿಮ್ಮಿಸಿ ಬೆರೆಸುವ ಟೆಕ್ಸೋಲ್ ವಿಧಾನವನ್ನು ರೂಪಿಸಿತು. ಟೆಕ್ಸಾಸಿನಲ್ಲಿ, ನಮ್ಮ ಎರೆಮಣ್ಣಿನ ಸೋದರನಂಥ ಜಿಗುಟು ಮಣ್ಣಿನ ಏರಿಗಳಲ್ಲಿ ಜಾರಿದ ಇಳಿಜಾರುಗಳನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನಾರು ಬೆರೆಸಿ 1990ರ ದಶಕದಲ್ಲಿ ಮರುಕಟ್ಟಿದರು. ಅಮೆರಿಕದ ಸೇನೆಯ ಎಂಜಿನಿಯರುಗಳು ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಮರಳಿಗೆ ನಾರು ಬೆರೆಸಿದ ಪಟ್ಟಿಗಳನ್ನು ಹಾಕಿ ಅವುಗಳ ಮೇಲೆ ಭಾರದ ಲಾರಿ ಓಡಿಸಿ ನೋಡಿದರು. 51 ಮಿ.ಮೀ. ಉದ್ದದ ನಾರು, ಮಣ್ಣಿನ ಒಣತೂಕದ ಶೇ 0.6ರಿಂದ 1ರಷ್ಟು ಹಾಕಿದರೆ ಒಳ್ಳೆಯ ಫಲ ಎಂಬುದು 2001ರಲ್ಲಿ ಅವರು ಪ್ರಕಟಿಸಿದ ನಿರ್ಣಯ. ಅವರದು ಮರಳು, ನಮ್ಮದು ಮರಳಲ್ಲ. ಆದರೆ ನೆಲದ ಮೇಲೆ ಪಟ್ಟಿ ಹಾಕಿ, ಗಾಡಿ ಓಡಿಸಿ, ಆಮೇಲೆ ಮಾತಾಡಿದರಲ್ಲ, ಆ ಕ್ರಮ ನನಗೆ ಹಿಡಿಸಿತು.

ನಮ್ಮ ರಾಜ್ಯದಲ್ಲೂ ಪ್ರಯೋಗಾಲಯದ ಮಟ್ಟಿಗೆ ಒಳ್ಳೆಯ ಕೆಲಸ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ.ಎಲ್. ಶಿವಕುಮಾರ್ ಬಾಬು ಮತ್ತು ಜೊತೆಗಾರರು ತೆಂಗಿನ ನಾರು ಬೆರೆತ ಮಣ್ಣಿನ ಬಗ್ಗೆ 2008ರಲ್ಲಿ ಸಾಲಾಗಿ ಪ್ರಬಂಧ ಪ್ರಕಟಿಸಿದರು. ಉಬ್ಬುವ ಮಣ್ಣಿಗೆ ನಾರು ಸೇರಿದಾಗ ಉಬ್ಬುವಿಕೆ ತಗ್ಗುತ್ತದೆ, ನೀರು ಮಣ್ಣಿನ ಕಣಗಳನ್ನು ಕೊಚ್ಚಿಕೊಂಡು ಕೊಳವೆ ಕೊರೆಯುವುದು ತಡವಾಗುತ್ತದೆ ಎಂದು ತೋರಿಸಿಕೊಟ್ಟರು. ಸುರತ್ಕಲ್‌ನ ಎನ್‌ಐಟಿಕೆಯವರು 2015ರಲ್ಲಿ ಜಂಬಿಟ್ಟಿಗೆ ಮಣ್ಣಿಗೆ ಅಡಿಕೆ ಸಿಪ್ಪೆಯ ನಾರನ್ನೂ ಸ್ವಲ್ಪ ಸಿಮೆಂಟನ್ನೂ ಬೆರೆಸಿ, ಕಡಿಮೆ ವಾಹನ ಓಡಾಡುವ ರಸ್ತೆಗೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸಿದರು. ಅಡಿಕೆ ಸಿಪ್ಪೆ ಸುಟ್ಟು ಹೊಗೆಯೆಬ್ಬಿಸುವ ನಾಡಿನಲ್ಲಿ ಈ ಯೋಚನೆಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಇನ್ನು ಪ್ರಯೋಗಾಲಯ ಮತ್ತು ಬಯಲಿನ ನಡುವಿನ ಅಂತರ. ರಸ್ತೆಯ ಮಣ್ಣಿನ ಬಲ ಅಳೆಯುವ ಸಿಬಿಆರ್ ಪರೀಕ್ಷೆಯ ಒಂದು ಅಚ್ಚಿಗೆ ಹೆಚ್ಚುಕಡಿಮೆ ಐದು ಕೆ.ಜಿ. ಮಣ್ಣು ಹಿಡಿಯುತ್ತದೆ. ಶೇ 0.5 ನಾರು ಎಂದರೆ 25 ಗ್ರಾಂ. ವಿದ್ಯಾರ್ಥಿ ತಟ್ಟೆಯಲ್ಲಿ ಮಣ್ಣು ಹರಡಿ, ನಾರನ್ನು ಎಳೆ ಎಳೆಯಾಗಿ ಬಿಡಿಸಿ ಉದುರಿಸಿ, ಕೈಯಿಂದ ಕಲಸುತ್ತಾನೆ. ಈಗ ಬಯಲಿಗೆ ಬನ್ನಿ. ಹತ್ತು ಮೀಟರ್ ಅಗಲದ ಏರಿಯಲ್ಲಿ ನೂರು ಮೀಟರ್ ಉದ್ದಕ್ಕೆ ದಮ್ಮಸು ಮಾಡಿದ 200 ಮಿ.ಮೀ. ದಪ್ಪದ ಒಂದೇ ಒಂದು ಪದರ ತೆಗೆದುಕೊಳ್ಳಿ. 200 ಘನ ಮೀಟರ್ ಮಣ್ಣು, ಒಣತೂಕ ಸುಮಾರು 340 ಟನ್. ಅದಕ್ಕೆ ಶೇ 0.5 ಎಂದರೆ 1,700 ಕೆ.ಜಿ. ನಾರು. ಅಷ್ಟು ನಾರನ್ನು ಯಾರು ಬಿಡಿಸುತ್ತಾರೆ, ಹೇಗೆ ಉದುರಿಸುತ್ತಾರೆ?

ಖಾನಾಪುರ ತಾಲೂಕಿನಲ್ಲಿ ಪರಿಚಯದ ಗುತ್ತಿಗೆದಾರರೊಬ್ಬರು ತಮ್ಮ ಖಾಸಗಿ ಜಮೀನಿಗೆ ಹೋಗುವ ದಾರಿಗೆ ಇದನ್ನು ಮಾಡಿ ನೋಡುತ್ತೇವೆಂದಾಗ ನಾನು ಹೋಗಿ ನಿಂತಿದ್ದೆ. ಕತ್ತರಿಸಿದ ತೆಂಗಿನ ನಾರಿನ ಮೂಟೆ ಬಂದಿತ್ತು. ಹರಡಿದ ಮಣ್ಣಿನ ಮೇಲೆ ನಾರು ಚೆಲ್ಲಿ, ಹೊಲದ ರೋಟಾವೇಟರ್ ಓಡಿಸಿದರು. ಸ್ವಲ್ಪ ಹೊತ್ತಿಗೆ ನಾರಿನಲ್ಲಿ ಅರ್ಧ ಅದರ ಬ್ಲೇಡುಗಳಿಗೆ ಸುತ್ತಿಕೊಂಡು ಕೂತಿತ್ತು. ಉದ್ದ ಬಿಟ್ಟ ಎಳೆಗಳೇ ಹೆಚ್ಚು ಸುತ್ತಿಕೊಂಡಿದ್ದವು. ಅದನ್ನು ಕುಡುಗೋಲಿನಿಂದ ಕೊಯ್ದು ತೆಗೆದು, ಮತ್ತೆ ಓಡಿಸಿದರು. ಗಾಳಿ ಬೀಸಿದಾಗ ಒಣ ಎಳೆಗಳು ಹಾರಿ ಪಕ್ಕದ ಗೋಡಂಬಿ ಗಿಡಗಳಿಗೆ ಮೆತ್ತಿಕೊಂಡವು. ಮಣ್ಣಿಗೆ ಮೊದಲು ನೀರು ಚಿಮುಕಿಸಿ ಆಮೇಲೆ ನಾರು ಹಾಕಿದಾಗ ಹಾರುವುದು ನಿಂತಿತು. ಬುಟ್ಟಿ ಹೊರುತ್ತಿದ್ದ, ಕಿತ್ತೂರ ಕಡೆಯ ಹೆಣ್ಣುಮಗಳೊಬ್ಬಳು ಕೈಯಲ್ಲಿ ಒಂದು ಗಂಟು ಹಿಡಿದು ತೋರಿಸಿ, “ಸಾಹೇಬ್ರ, ಇದು ಮಣ್ಣಾಗ ಕೂಡವಲ್ದರಿ, ಉಂಡಿ ಕಟ್ಟಾಕತ್ತೈತಿ ನೋಡ್ರಿ” ಅಂದಳು. ನಿಂಬೆಹಣ್ಣಿನ ಗಾತ್ರದ ಗಂಟು, ಒಳಗೆಲ್ಲ ನಾರು, ಹೊರಗಷ್ಟೇ ಮಣ್ಣು. ರೋಲರ್ ಓಡಿದ ಮೇಲೆ ಗುದ್ದಲಿಯಿಂದ ಅಡ್ಡ ಕಡಿದು ನೋಡಿದೆವು. ಕೆಲವು ಕಡೆ ನಾರು ಚೆಂದಾಗಿ ಚದುರಿತ್ತು, ಕೆಲವು ಕಡೆ ಇಂಥ ಗಂಟುಗಳು, ಕೆಲವು ಕಡೆ ನಾರೇ ಇಲ್ಲ. ಗಂಟು ಇದ್ದಲ್ಲಿ ಹೆಬ್ಬೆರಳು ಒತ್ತಿದರೆ ಒಳಗಿಳಿಯುತ್ತಿತ್ತು. ಬಲ ಕೊಡಬೇಕಾದದ್ದು ಆ ಜಾಗದಲ್ಲಿ ಟೊಳ್ಳಾಗಿತ್ತು.

ಅದು ಗರಸು ಬೆರೆತ ಕೆಮ್ಮಣ್ಣು, ಪುಡಿಯಾಗುವ ಮಣ್ಣು. ಅಲ್ಲೇ ಹೀಗಾದರೆ ಯಳ್ಳೂರಿನ ಎರೆಮಣ್ಣಿನಲ್ಲಿ ಏನಾದೀತು? ಎರೆಮಣ್ಣು ಒಣಗಿದ್ದರೆ ಕಲ್ಲಿನಂಥ ಹೆಂಟೆ, ನೆನೆದಿದ್ದರೆ ಕಾಲಿಗೆ ಮೆತ್ತುವ ಹುದಲು. ಎರಡೂ ಸ್ಥಿತಿಯಲ್ಲಿ ನಾರು ಹೆಂಟೆಯ ಸುತ್ತ ಅಂಟುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ನಾರು ಸುಲಭವಾಗಿ ಬೆರೆಯುವ ಕೆಮ್ಮಣ್ಣಿಗೆ ಅದರ ಅಗತ್ಯ ಕಡಿಮೆ, ಅಗತ್ಯ ಹೆಚ್ಚಿರುವ ಎರೆಮಣ್ಣಿನಲ್ಲಿ ಬೆರೆಸುವುದೇ ದೊಡ್ಡ ಸವಾಲು. ಈ ಒಂದು ತೊಡಕನ್ನು ಬಿಡಿಸದೆ ಬೆಳಗಾವಿಯಲ್ಲಿ ನಾರಿನ ಏರಿಯ ಮಾತು ಮುಂದುವರಿಯಲಾರದು.

ದಾರಿ ಇಲ್ಲವೆಂದಲ್ಲ. ಎರೆಮಣ್ಣಿಗೆ ಮೊದಲು ಸುಣ್ಣ ಬೆರೆಸಿ ಒಂದೆರಡು ದಿನ ಬಿಟ್ಟರೆ ಅದರ ಜಿಗುಟು ಕಡಿಮೆಯಾಗಿ ಪುಡಿಪುಡಿಯಾಗುತ್ತದೆ, ಉಬ್ಬುವುದೂ ತಗ್ಗುತ್ತದೆ. ಆಗ ನಾರು ಬೆರೆಸಬಹುದು. ಸುಣ್ಣ ಮಣ್ಣನ್ನು ಗಟ್ಟಿ ಮಾಡುತ್ತದೆ, ಆದರೆ ಥಟ್ಟನೆ ಬಿರಿಯುವಷ್ಟು ಪೆಡಸೂ ಮಾಡುತ್ತದೆ. ನಾರು ಆ ಪೆಡಸನ್ನು ತಗ್ಗಿಸುತ್ತದೆ. ಜೋಡಿ ಒಳ್ಳೆಯದೇ. ಆದರೆ ಇಲ್ಲೊಂದು ಕೊಕ್ಕೆ ಇದೆ. ಸುಣ್ಣದ ಕ್ಷಾರ ತೆಂಗಿನ ನಾರನ್ನು ತಿನ್ನುತ್ತದೆ, ಪಾಲಿಯೆಸ್ಟರನ್ನೂ ಬಿಡುವುದಿಲ್ಲ. ತಾಳಿಕೊಳ್ಳುವುದು ಪಾಲಿಪ್ರೊಪಿಲೀನ್. ಹಾಗಾಗಿ ಎರೆಮಣ್ಣಿಗೆ ಸುಣ್ಣದ ಜೊತೆ ಪಾಲಿಪ್ರೊಪಿಲೀನ್, ಖಾನಾಪುರದ ಕೆಮ್ಮಣ್ಣಿಗೆ ಸುಣ್ಣವಿಲ್ಲದೆ ತೆಂಗಿನ ನಾರು ಅಥವಾ ಅಡಿಕೆ ನಾರು ಎಂದು ಎರಡು ಬೇರೆ ಪಾಕ ಬೇಕಾಗುತ್ತದೆ. ಒಂದೇ ಟೆಂಡರಿನಲ್ಲಿ ಒಂದೇ ಸಾಲಿನಲ್ಲಿ ಎರಡಕ್ಕೂ ಸೇರಿಸಿ ಬರೆದುಬಿಡುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಅಳತೆಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಏರಿ ಕಟ್ಟುವ ಕಡೆ ದಿನವೂ ನಡೆಯುವ ಪರೀಕ್ಷೆಗೆ ಸೈಟಿನಲ್ಲಿ ಎಫ್‌ಡಿಡಿ ಅನ್ನುತ್ತಾರೆ. ಗಟ್ಟಿ ಮಾಡಿದ ಪದರದಲ್ಲಿ ದುಂಡಗಿನ ಗುಣಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಣಿಗೆ ಒಣ ಮರಳು ಸುರಿದು ಅದರ ಗಾತ್ರ ಕಂಡುಹಿಡಿಯುವುದು. ಪ್ರಯೋಗಾಲಯದಲ್ಲಿ ಪ್ರಾಕ್ಟರ್ ಪರೀಕ್ಷೆಯಿಂದ ಬಂದ ಗರಿಷ್ಠ ಸಾಂದ್ರತೆಯ ಶೇ 95 ಏರಿಗೆ, ಶೇ 97 ತಳಪದರಕ್ಕೆ ಸಿಗಬೇಕು. 1933ರಲ್ಲಿ ಅಮೆರಿಕದ ಪ್ರಾಕ್ಟರ್ ಅಣೆಕಟ್ಟುಗಳ ಮಣ್ಣಿಗಾಗಿ ರೂಪಿಸಿದ ಆ ವಿಧಾನದ ಮೇಲೆಯೇ ಇಂದಿಗೂ ಜಗತ್ತಿನ ಏರಿಗಳೆಲ್ಲ ನಿಂತಿವೆ. ನಾರು ಮಣ್ಣಿಗಿಂತ ಬಹಳ ಹಗುರ. ಪಾಲಿಪ್ರೊಪಿಲೀನ್ ನೀರಿನ ಮೇಲೆ ತೇಲುತ್ತದೆ. ಅದು ಸೇರಿದೊಡನೆ ಮಿಶ್ರಣದ ಗರಿಷ್ಠ ಸಾಂದ್ರತೆ ಕೆಳಗಿಳಿಯುತ್ತದೆ, ತೆಂಗಿನ ನಾರಾದರೆ ಬೇಕಾದ ನೀರು ತುಸು ಏರುತ್ತದೆ. ಬರೀ ಮಣ್ಣಿನ ಅಂಕಿ ಇಟ್ಟುಕೊಂಡು ಅಳೆದರೆ ಚೆನ್ನಾಗಿ ಕಟ್ಟಿದ ಪದರವೂ ಫೇಲಾಗುತ್ತದೆ. ಪಾಸು ಮಾಡಿಸುವ ಅವಸರಕ್ಕೆ ಯಾರೋ ನಾರನ್ನೇ ಕಡಿಮೆ ಹಾಕುತ್ತಾರೆ. ಮಿಶ್ರಣಕ್ಕೆ ಪ್ರತ್ಯೇಕ ಪ್ರಾಕ್ಟರ್ ಮಾಡಲೇಬೇಕು. ಗುಣಿ ತೋಡುವಾಗಲೂ ಗೋಡೆಯಿಂದ ಎಳೆಗಳು ಹೊರಚಾಚಿಕೊಂಡಿರುತ್ತವೆ, ಅವನ್ನು ಕಿತ್ತರೆ ಸುತ್ತಲಿನ ಮಣ್ಣು ಉದುರಿ ಗುಣಿ ದೊಡ್ಡದಾಗುತ್ತದೆ. ಕತ್ತರಿಯಿಂದ ಕತ್ತರಿಸಬೇಕು. ಸಣ್ಣ ವಿಷಯ, ಆದರೆ ಪರೀಕ್ಷೆಯ ಸತ್ಯ ಇಂಥ ಕತ್ತರಿಯಲ್ಲೇ ಇರುತ್ತದೆ.

ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಾರು ದಮ್ಮಸಿಗೆ ಬದಲಿಯಲ್ಲ. ನಾನು ನೋಡಿದ ಕುಸಿದ ಏರಿಗಳಲ್ಲಿ ಹೆಚ್ಚಿನವು ನಾರಿಲ್ಲದೆ ಕುಸಿದವಲ್ಲ, ಅರ್ಧ ಮೀಟರ್ ದಪ್ಪಕ್ಕೆ ಮಣ್ಣು ಸುರಿದು ಮೇಲೊಮ್ಮೆ ರೋಲರ್ ಓಡಿಸಿದ್ದರಿಂದ, ಅಂಚಿಗೆ ರೋಲರ್ ಹೋಗಲಿಲ್ಲವೆಂದು ಬಿಟ್ಟಿದ್ದರಿಂದ, ಮಳೆನೀರು ಇಳಿಯಲು ಕಲ್ಲಿನ ಕಾಲುವೆ ಕಟ್ಟದ್ದರಿಂದ ಕುಸಿದವು. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಹೆದ್ದಾರಿಯ ಮೇಲೆಯೇ ನಿಂತು ಸಂಚಾರ ಕಡಿದುಹೋಗಿತ್ತು. ಅಂಥ ನೀರಿಗೆ ಯಾವ ನಾರೂ ಉತ್ತರವಲ್ಲ. ಅದಕ್ಕೆ ನೀರು ಹಾಯುವ ಕಮಾನುಗಳು ಬೇಕು. ಹೊಸ ವಸ್ತುವಿನ ಹೆಸರಿನಲ್ಲಿ ಹಳೆಯ ಶಿಸ್ತನ್ನು ಸಡಿಲಿಸುವುದಾದರೆ ಆ ಹೊಸ ವಸ್ತು ನಮಗೆ ಬೇಡ.

ಯಾವ ನಾರು ಎಂಬ ಪ್ರಶ್ನೆಗೂ ಒಂದು ಮಾತು. ಇದು ಕಬ್ಬಿನ ಜಿಲ್ಲೆ, ಸಕ್ಕರೆ ಸಂಶೋಧನೆಗೆಂದೇ ನಿಜಲಿಂಗಪ್ಪನವರ ಹೆಸರಿನ ಸಂಸ್ಥೆ ಬೆಳಗಾವಿಯಲ್ಲಿದೆ, ಕಬ್ಬಿನ ಸಿಪ್ಪೆಯ ನಾರನ್ನೇಕೆ ಬಳಸಬಾರದು ಎಂದು ಹಲವರು ಕೇಳುತ್ತಾರೆ. ಕಾರ್ಖಾನೆಗಳು ಸಿಪ್ಪೆ ಉರಿಸಿ ವಿದ್ಯುತ್ ಮಾಡುವುದರಿಂದ ಅದು ಪುಕ್ಕಟೆ ಸಿಗುವ ಕಸವಾಗಿ ಉಳಿದಿಲ್ಲ; ಮೇಲಾಗಿ ಒದ್ದೆ ಮಣ್ಣಿನಲ್ಲಿ ಅದು ಬೇಗ ಕೊಳೆಯುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ನೈಸರ್ಗಿಕ ನಾರುಗಳಲ್ಲಿ ಅದೇ ಹೆಚ್ಚು ಬಾಳುತ್ತದೆ. ತುಮಕೂರು, ಹಾಸನ ಜಿಲ್ಲೆಗಳಲ್ಲಿ ಅದು ಬೇಕಾದಷ್ಟಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದಲ್ಲಿ ತೆಂಗಿನ ನಾರಿನ ಹಾಸು ಬಳಸಿ 1,674 ಕಿ.ಮೀ. ರಸ್ತೆ ಮಾಡುವುದಾಗಿ 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದಾಗ ಏಳು ರಾಜ್ಯಗಳ ಹೆಸರಿತ್ತು. ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ ಹೀಗೆ ನಮ್ಮ ನೆರೆಯವರಲ್ಲಿ ಹೆಚ್ಚಿನವರು ಇದ್ದರು, ತೆಂಗಿನ ನಾಡಾದ ಕರ್ನಾಟಕ ಇರಲಿಲ್ಲ. ನನಗೆ ಅದು ಇಂದಿಗೂ ಬೇಸರದ ಸಂಗತಿ. ಪಾಲಿಪ್ರೊಪಿಲೀನ್ ಕೊಳೆಯುವುದಿಲ್ಲ ಎಂಬುದು ಅದರ ಗುಣ, ಅದೇ ಅದರ ದೋಷ. ಏರಿ ಕೊರೆದುಹೋದ ದಿನ ಆ ಎಳೆಗಳೆಲ್ಲ ಮಲಪ್ರಭೆಗೆ ಸೇರುತ್ತವೆ. ಅದನ್ನು ಹಾಕುವುದಾದರೆ ಮೇಲ್ಮೈಯಲ್ಲಿ ಬೇಡ, ಮೇಲೆ ಕನಿಷ್ಠ ಒಂದು ಪದರ ನಾರಿಲ್ಲದ ಮಣ್ಣು, ಅದರ ಮೇಲೆ ಹುಲ್ಲು ಇರಲೇಬೇಕು. ಹಳೆಯ ಸಿಮೆಂಟ್ ಚೀಲ ಕತ್ತರಿಸಿ ಬೆರೆಸುವ ಪ್ರಾಜೆಕ್ಟುಗಳನ್ನೂ ನೋಡಿದ್ದೇನೆ. ಕಸವನ್ನು ರಸ್ತೆಯಲ್ಲಿ ಹೂಳುವುದನ್ನು ಮಣ್ಣಿನ ಸುಧಾರಣೆ ಎಂದು ನಾನು ಒಪ್ಪುವುದಿಲ್ಲ.

ಇಷ್ಟಾದ ಮೇಲೆ ನನ್ನ ಕೋರಿಕೆ. ಖಾನಾಪುರ ರಸ್ತೆಯಲ್ಲೇ ಉದ್ಯಮಬಾಗದಲ್ಲಿ ಗೋಗಟೆ ತಾಂತ್ರಿಕ ಕಾಲೇಜಿದೆ, ಇನ್ನೂ ಮುಂದೆ ಮಚ್ಛೆಯಲ್ಲಿ 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಆವರಣವಿದೆ. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಕೇಂದ್ರವಾದ ವಿಶ್ವವಿದ್ಯಾಲಯ ಎರಡು ಮಣ್ಣಿನ ನಡುವೆ ಕೂತಿದೆ. ಲೋಕೋಪಯೋಗಿ ಇಲಾಖೆ ಜೊತೆಗೂಡಿ ಎರೆಮಣ್ಣಿನಲ್ಲಿ ಒಂದು, ಕೆಮ್ಮಣ್ಣಿನಲ್ಲಿ ಒಂದು ಏರಿಯ ತುಂಡು ಕಟ್ಟಲಿ, ರಸ್ತೆಯಾಗಿ ಬಳಕೆಯಾಗುವಂಥದ್ದೇ. ಪ್ರತಿಯೊಂದರಲ್ಲೂ ಮೂರು ಪಾಲು: ನಾರು ಬೆರೆತದ್ದು, ನಾರಿಲ್ಲದ್ದು, ನಾರಿಲ್ಲದೆ ಇಳಿಜಾರಿಗೆ ಲಾವಂಚ ಹಚ್ಚಿ ನೀರಿನ ಕಾಲುವೆ ಕಟ್ಟಿದ್ದು. ಅದೇ ರೋಲರ್, ಅದೇ ಸುತ್ತು, ಅದೇ ವಾರ. ಮೂರನೆಯ ಪಾಲು ಯಾಕೆಂದರೆ, ಖಾನಾಪುರದ ಕೆಮ್ಮಣ್ಣಿನಲ್ಲಿ ಲಾವಂಚವೇ ಗೆಲ್ಲಬಹುದೆಂದು ನನ್ನ ಅಂದಾಜು. ಗೆದ್ದರೆ ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಬೇಕು. ನಾರನ್ನು ಇಡೀ ಏರಿಗೆ ಬೆರೆಸುವ ದುಂದು ಬೇಡ, ಜಾರುವ ಸಿಪ್ಪೆಯ ದಪ್ಪಕ್ಕೆ, ಅಂದರೆ ಇಳಿಜಾರಿನ ಒಂದೂವರೆ ಎರಡು ಮೀಟರ್ ಅಗಲಕ್ಕೆ ಸಾಕು.

ಫೆಬ್ರವರಿ–ಮಾರ್ಚಿನಲ್ಲಿ ಕಟ್ಟಿ ಮುಗಿಸಿ, ಮೇ ಕೊನೆಗೆ ಬಿರುಕುಗಳ ಅಗಲ, ಆಳ ಅಳೆಯಬೇಕು. ಇಳಿಜಾರಿನಲ್ಲಿ ಗೂಟ ನೆಟ್ಟು ಅವು ಸರಿದದ್ದನ್ನು ತಿಂಗಳಿಗೊಮ್ಮೆ ಬರೆದಿಡಬೇಕು. ಎಂಟು ಕೆ.ಜಿ. ಸುತ್ತಿಗೆ ಬೀಳಿಸಿ ಕಬ್ಬಿಣದ ಶಂಕುವನ್ನು ನೆಲಕ್ಕಿಳಿಸುವ ಡಿಸಿಪಿ ಪರೀಕ್ಷೆಯನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯ ನಟ್ಟನಡುವೆ ಒಮ್ಮೆ ಮಾಡಬೇಕು. ಬೇಸಿಗೆಯ ಅಂಕಿಯೊಂದೇ ಎರೆಮಣ್ಣಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬುಡದಲ್ಲಿ ತೊಟ್ಟಿ ಕಟ್ಟಿ ಕೊಚ್ಚಿಬಂದ ಮಣ್ಣನ್ನು ತೂಗಬೇಕು. ಪ್ರತಿ ಮಳೆಗಾಲದ ನಂತರ ಒಂದಿಷ್ಟು ನಾರನ್ನು ಅಗೆದು ತೆಗೆದು ಎಳೆದು ನೋಡಬೇಕು, ಎಷ್ಟು ಬಲ ಉಳಿದಿದೆ ಎಂದು. ಕನಿಷ್ಠ ಮೂರು ಮಳೆಗಾಲ. ಎರೆಮಣ್ಣಿನ ಏರಿ ಮೊದಲ ವರ್ಷ ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಉದ್ಘಾಟನೆಯ ಫೋಟೊ ನೋಡಿ ತೀರ್ಮಾನ ಮಾಡಬಾರದು.

ಕೊನೆಗೆ, ಖಾನಾಪುರದ ಭತ್ತದ ರೈತರೊಬ್ಬರು ಕೇಳಿದ್ದಾರೆ, ತಮ್ಮ ಗದ್ದೆಯ ಬದುವಿಗೂ ಕೆರೆಯ ಏರಿಗೂ ಹುಲ್ಲು, ನಾರು ಬೆರೆಸಿ ಮಣ್ಣು ಹಾಕಬಹುದೇ ಎಂದು. ಕೆರೆಯ ಏರಿಗೆ ಬೇಡ. ನೀರು ತಡೆಯುವ ಏರಿಯ ಒಡಲಲ್ಲಿ ನಾರು ಗಂಟು ಕಟ್ಟಿ ಕೊಳೆತರೆ ಅಲ್ಲೊಂದು ಟೊಳ್ಳು ದಾರಿಯಾಗುತ್ತದೆ. ಪ್ರಯೋಗಾಲಯದ ಫಲಿತಾಂಶ ಒಳ್ಳೆಯದಿದ್ದರೂ ಊರಿನ ಕೆರೆಯ ಮೇಲೆ ಅದನ್ನು ಪ್ರಯೋಗಿಸುವ ಕಾಲ ಇನ್ನೂ ಬಂದಿಲ್ಲ. ಗದ್ದೆಯ ಬದು ಸೋರುತ್ತಿದ್ದರೆ ಮೊದಲು ಏಡಿಯ ಬಿಲಗಳನ್ನು ನೋಡಿ. ಬಿಲವನ್ನು ಕೊನೆಯವರೆಗೆ ಅಗೆದು ಹಸಿ ಜೇಡಿಮಣ್ಣು ತುಂಬಿ ತುಳಿಯಿರಿ. ಭತ್ತದ ಹುಲ್ಲು ಒಂದೇ ವರ್ಷದಲ್ಲಿ ಕೊಳೆಯುವುದರಿಂದ ಅದನ್ನು ಮಣ್ಣಿಗೆ ಹಾಕುವುದಕ್ಕಿಂತ ದನಕ್ಕೆ ಹಾಕುವುದು ಮೇಲು. ಬದುವಿನ ಹೊರಮೈಗೆ ಜೂನ್ ಮೊದಲ ಮಳೆ ಬಿದ್ದ ಮೇಲೆ ಲಾವಂಚದ ಬುಡಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ಹಚ್ಚಿ, ಮೊದಲ ವರ್ಷ ದನ ಬಿಡಬೇಡಿ.